ಮೈಕು ಕೇಳುವುದು ಒಂದೇ ಸ್ಪೀಕರನ್ನು: ಗಿಟಾರ್ ಕ್ಯಾಬಿನೆಟ್ ಆಯ್ಕೆಯ ಒಂದು ಪ್ರಕರಣ

ಆಷಾಢದಲ್ಲಿ ಆರ್ಕೆಸ್ಟ್ರಾದವರಿಗೆ ಕೆಲಸವಿರುವುದಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಗಣಪತಿ ಇನ್ನೂ ದೂರ. ಅಂಥ ಒಂದು ಸಂಜೆ, ಮೈಸೂರಿನ ಆರ್ಕೆಸ್ಟ್ರಾ ಒಂದರಲ್ಲಿ ಲೀಡ್ ಗಿಟಾರ್ ನುಡಿಸುವ ಹುಡುಗ ಹಳೆ ಬೆಡ್‌ಶೀಟಿನ ಗಂಟೊಂದನ್ನು ಎದೆಗವಚಿಕೊಂಡು ನಮ್ಮ ಮನೆಯ ಮಹಡಿ ಹತ್ತಿ ಬಂದ. ಬಿಚ್ಚಿದರೆ ಒಳಗೆ 20 ವ್ಯಾಟ್‌ನ ಟ್ಯೂಬ್ ಹೆಡ್, ಅಂದರೆ ಸ್ಪೀಕರಿಲ್ಲದ ಗಿಟಾರ್ ಆಂಪ್ಲಿಫೈಯರು. ಎರಡು ಇಎಲ್34 ಟ್ಯೂಬು. ಬೆನ್ನಲ್ಲಿ 16 ಓಮ್ಸ್ ಎಂದು ಬರೆದ ಒಂದು ಜ್ಯಾಕ್, 8 ಓಮ್ಸ್ ಎಂದು ಬರೆದ ಇನ್ನೊಂದು; ಓಮ್ಸ್ ಎಂದರೆ ಸ್ಪೀಕರು ಆಂಪಿಗೆ ಒಡ್ಡುವ ತಡೆಯ ಅಳತೆ. ಎರಡು ವರ್ಷ ಕೂಡಿಟ್ಟ ದುಡ್ಡು ಅದರೊಳಗೆ ಹೋಗಿತ್ತು.

"ಅಣ್ಣಾ, ಬೆಂಗಳೂರಲ್ಲಿ ಒಂದು 4×12 ಕ್ಯಾಬ್ ಸೆಕೆಂಡ್ ಹ್ಯಾಂಡ್ ಇದೆಯಂತೆ. ಬನ್ನಿ, ನೋಡ್ಕೊಂಡ್ ಬರೋಣ" ಅಂದ. 4×12 ಎಂದರೆ 12 ಇಂಚಿನ ನಾಲ್ಕು ಸ್ಪೀಕರು ಕೂತ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ಟು.

ನಾನು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವನು; ಸಂಜೆ ಹೊತ್ತು ಮತ್ತು ಭಾನುವಾರ ಆಂಪ್ ರಿಪೇರಿ. ಇಂಥ ಮಾತು ಎಷ್ಟೋ ಸಲ ಕೇಳಿದ್ದೇನೆ. ಹೆಡ್ ಕೊಳ್ಳುವಾಗ ಆರು ತಿಂಗಳು ಯೋಚಿಸಿರುತ್ತಾರೆ, ಕ್ಯಾಬಿನೆಟ್ಟನ್ನು ಮಾತ್ರ ಫೋಟೋ ನೋಡಿ ಒಪ್ಪಿಕೊಂಡಿರುತ್ತಾರೆ. ಆದರೆ ಕಿವಿಗೆ ಬರುವ ಸ್ವರದ ಬಣ್ಣವನ್ನು ಹೆಡ್ ಎಷ್ಟು ತೀರ್ಮಾನಿಸುತ್ತದೋ ಸ್ಪೀಕರ್ ಮತ್ತು ಪೆಟ್ಟಿಗೆಯೂ ಅಷ್ಟೇ ತೀರ್ಮಾನಿಸುತ್ತವೆ. ಗಿಟಾರ್ ಸ್ಪೀಕರು ಹಾಡು ಕೇಳುವ ಸ್ಪೀಕರಿನಂತಲ್ಲ. ಹೆಚ್ಚುಕಮ್ಮಿ 75 ಹರ್ಟ್ಸ್‌ನಿಂದ 5,000 ಹರ್ಟ್ಸ್‌ವರೆಗೆ ಮಾತ್ರ ಅದು ಬಾಯಿಬಿಡುತ್ತದೆ. ಅದಕ್ಕಿಂತ ಮೇಲಿನದನ್ನೆಲ್ಲ ನುಂಗಿಬಿಡುತ್ತದೆ, ಅದರಿಂದಲೇ ಡಿಸ್ಟಾರ್ಷನ್ ಹಾಕಿದ, ಅಂದರೆ ಬೇಕೆಂದೇ ಸ್ವರ ಒಡೆಸಿದ ಗಿಟಾರು ಕೇಳುವಂತಿರುತ್ತದೆ. ನಂಬದವರು ಅದೇ ಸಿಗ್ನಲ್ಲನ್ನು ಮನೆಯ ಸ್ಟೀರಿಯೋಗೆ ನೇರ ಕೊಟ್ಟು ನೋಡಲಿ. ತಗಡಿನ ಮೇಲೆ ಜೇನುನೊಣ ಬಿಟ್ಟ ಹಾಗೆ ಕೇಳುತ್ತದೆ.

ಮೊದಲು ಅವನನ್ನು ಕೂರಿಸಿ ನಾಲ್ಕು ಪ್ರಶ್ನೆ ಕೇಳಿದೆ. ಎಲ್ಲಿ ನುಡಿಸ್ತೀಯ? ಭಾದ್ರಪದದಿಂದ ನವೆಂಬರಿನ ರಾಜ್ಯೋತ್ಸವ ಮುಗಿಯುವವರೆಗೆ ಪೆಂಡಾಲು, ಬೀದಿ ವೇದಿಕೆ. ಆಮೇಲೆ ಕಲ್ಯಾಣ ಮಂಟಪ. ಭಾನುವಾರ ಗೆಳೆಯರ ಜತೆ ಒಂದು ಕೋಣೆಯಲ್ಲಿ ರಾಕ್. ಕೋಣೆ ಎಷ್ಟು ದೊಡ್ಡದು? ಹನ್ನೆರಡು ಅಡಿಗೆ ಹದಿನಾಲ್ಕು. ಸಾಮಾನು ಯಾವುದರಲ್ಲಿ ಹೋಗುತ್ತೆ? ಆರ್ಕೆಸ್ಟ್ರಾದ ಓಮ್ನಿಯಲ್ಲಿ, ಕೀಬೋರ್ಡು, ರಿದಮ್ ಪ್ಯಾಡು, ಇಬ್ಬರು ಗಾಯಕಿಯರ ಸೂಟ್‌ಕೇಸಿನ ಜತೆ. ಜನಕ್ಕೆ ನಿನ್ನ ಗಿಟಾರ್ ಹೇಗೆ ಕೇಳಿಸುತ್ತೆ? ಮೈಕ್‌ಸೆಟ್‌ನವರ ಮಿಕ್ಸರ್ ಮೂಲಕ.

ಕೊನೆಯ ಉತ್ತರ ಹೇಳುವಾಗ ಅವನಿಗೇನೂ ಅನ್ನಿಸಲಿಲ್ಲ. ಅವತ್ತು ನಾನೂ ಅದನ್ನು ಮುಂದುವರಿಸಲಿಲ್ಲ.

ಇಷ್ಟು ದಿನ ಅವನು ಪ್ರೊಸೆಸರನ್ನು, ಅಂದರೆ ಗಿಟಾರಿನ ಶಬ್ದಕ್ಕೆ ಬಣ್ಣ ಕೊಡುವ ಡಿಜಿಟಲ್ ಯಂತ್ರವನ್ನು, ನೇರ ಮಿಕ್ಸರಿಗೆ ಕೊಟ್ಟು ನುಡಿಸುತ್ತಿದ್ದ. ಅದರಲ್ಲೇ ಕ್ಯಾಬಿನೆಟ್ಟಿನ ನಕಲು ಇರುತ್ತದೆ, ಕೆಲಸವೂ ನಡೆಯುತ್ತದೆ. ಹಾಗಾದರೆ ಈ ಹೊರೆ ಯಾಕೆ? ಅವನ ಉತ್ತರ ನನಗೆ ಇಷ್ಟವಾಯಿತು: "ಒಂದು ಸ್ವರ ಹಿಡಿದು ನಿಂತ್ರೆ ಅದು ಸತ್ತೇ ಹೋಗುತ್ತೆ ಅಣ್ಣಾ." ನಿಜ. ಬೆನ್ನ ಹಿಂದೆ ಸ್ಪೀಕರು ಗಾಳಿಯನ್ನು ತಳ್ಳುತ್ತಿದ್ದರೆ ಆ ಕಂಪನ ಮತ್ತೆ ತಂತಿಗೆ ತಾಗಿ ಸ್ವರ ಬೆಳೆಯುತ್ತದೆ. ಇಯರ್‌ಫೋನಿನಲ್ಲಿ ಅದು ಆಗುವುದಿಲ್ಲ.

ಬೆಂಗಳೂರಿನ 4×12

ಅವನು 4×12 ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ, ರಾಕ್ ಅಂದರೆ ಕಣ್ಣಿಗೆ ಕಟ್ಟುವುದೇ ಆ ಕಪ್ಪು ಗೋಡೆ. ಅದು ಹುಟ್ಟಿದ ಕಾರಣ ಮಾತ್ರ ಬೇರೆ. ಜಿಮ್ ಮಾರ್ಷಲ್ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಅಂಗಡಿ ಇಟ್ಟಿದ್ದ ಡ್ರಮ್ಸ್ ಮೇಷ್ಟ್ರು. 1960ರ ದಶಕದ ಆರಂಭದಲ್ಲಿ ಅವರ ಅಂಗಡಿಯಲ್ಲಿ ಆಂಪ್ ತಯಾರಾದಾಗ ಕೈಗೆ ಸಿಗುತ್ತಿದ್ದ 12 ಇಂಚಿನ ಸೆಲೆಷನ್ ಕಂಪನಿಯ ಸ್ಪೀಕರು ತಡೆಯುತ್ತಿದ್ದದ್ದು 15–20 ವ್ಯಾಟ್ ಅಷ್ಟೇ. ಜೋರಾಗಿ ನುಡಿಸಿದರೆ ಸುಟ್ಟು ಹೋಗುತ್ತಿದ್ದವು. ಆದ್ದರಿಂದ ಒಂದು ಪೆಟ್ಟಿಗೆಗೆ ನಾಲ್ಕು. ಆಮೇಲೆ ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಎಂಟು ಸ್ಪೀಕರಿನ ಒಂದೇ ಪೆಟ್ಟಿಗೆ ಮಾಡಿಸಿಕೊಂಡರು. ಹೊರುವವರು ಗೊಣಗಿದಾಗ ಅದು ಎರಡು ತುಂಡಾಗಿ ಒಂದರ ಮೇಲೊಂದು ಕೂತಿತು. ಇವತ್ತು ಒಂದೇ ಸ್ಪೀಕರು 65 ವ್ಯಾಟ್ ತಡೆಯುತ್ತದೆ. ನಾಲ್ಕರ ಮೂಲ ಕಾರಣ ಹೋಗಿದೆ, ಚೆಲುವು ಉಳಿದಿದೆ.

ಇದನ್ನೆಲ್ಲ ಹೇಳಿದರೆ ಹುಡುಗ ಕೇಳುತ್ತಾನೆಯೇ? ಓಮ್ನಿ ತೆಗೆದುಕೊಂಡು ಹೊರಟೆವು. ನನ್ನ ಚೀಲದಲ್ಲಿ ಮಲ್ಟಿಮೀಟರು, ಸ್ಕ್ರೂಡ್ರೈವರು, ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಒಂದು ಸೆಲ್ಲು. ಹಿಂದಿನ ಸೀಟಿನಲ್ಲಿ ನನ್ನ ಸ್ವಂತದ 1×12 ಪೆಟ್ಟಿಗೆ.

ಮಾರುವವರ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಕ್ಯಾಬಿನೆಟ್ಟು ನೋಡಲು ಲಕ್ಷಣವಾಗಿತ್ತು. ಹಿಂಬದಿಯ ಚೀಟಿಯಲ್ಲಿ 16 ಓಮ್ಸ್ ಎಂದು ಅಚ್ಚಾಗಿತ್ತು. ಹುಡುಗ ಆಗಲೇ ಜೇಬಿಗೆ ಕೈ ಹಾಕಿದ್ದ.

ಜ್ಯಾಕಿಗೆ ಮೀಟರು ಹಿಡಿದೆ. ಇಲ್ಲೊಂದು ಮಾತು: ಮೀಟರು ತೋರಿಸುವುದು ಸುರುಳಿಯ ಬರಿಯ ಡಿಸಿ ಪ್ರತಿರೋಧ. ಚೀಟಿಯಲ್ಲಿ ಬರೆದ ಓಮ್ಸ್‌ಗಿಂತ ಅದು ಯಾವಾಗಲೂ ಕಡಿಮೆಯೇ ಬರುತ್ತದೆ. 8 ಓಮ್ಸ್ ಸ್ಪೀಕರಿಗೆ 6–7, 16ಕ್ಕೆ 12–13 ಬಂದರೆ ಸರಿ. ಇಲ್ಲಿ ಬಂದದ್ದು 3.2.

ಮಾರುವವರು "ನಿಮ್ಮ ಮೀಟರ್ ಸರಿ ಇದೆಯಾ ಸಾರ್?" ಎಂದರು. ಅವರ ಒಪ್ಪಿಗೆ ಪಡೆದೇ ಹಿಂಬದಿಯ ಹಲಗೆ ಬಿಚ್ಚಿದೆವು. ಮೂರು ಸ್ಪೀಕರು ಒಂದೇ ಜಾತಿ, ನಾಲ್ಕನೆಯದು ಬೇರೆ. ಎಂದೋ ಸುಟ್ಟು ಬದಲಿಸಿದ್ದು. ನಾಲ್ಕೂ 16 ಓಮ್ಸಿನವೇ. ಮೊದಲು ಎರಡೆರಡನ್ನು ಸೀರೀಸಿನಲ್ಲಿ ಕಟ್ಟಿ ಆ ಜೋಡಿಗಳನ್ನು ಪ್ಯಾರಲೆಲ್ ಮಾಡಿದ್ದಿರಬೇಕು, ಹಾಗಿದ್ದರೆ ಒಟ್ಟು 16. ಯಾರೋ ಟ್ರಾನ್ಸಿಸ್ಟರ್ ಆಂಪಿನಿಂದ ಹೆಚ್ಚು ಪವರು ಹಿಂಡಲು ನಾಲ್ಕನ್ನೂ ಪ್ಯಾರಲೆಲ್ ಮಾಡಿಬಿಟ್ಟಿದ್ದರು. ಆಗ ಆಗುವುದು 4 ಓಮ್ಸ್. ಚೀಟಿ ಬದಲಿಸುವ ತೊಂದರೆ ಮಾತ್ರ ಯಾರೂ ತೆಗೆದುಕೊಂಡಿರಲಿಲ್ಲ.

ಟ್ರಾನ್ಸಿಸ್ಟರ್ ಆಂಪಿಗೂ ಟ್ಯೂಬ್ ಆಂಪಿಗೂ ನಡುವಿನ ವ್ಯತ್ಯಾಸ ಇಲ್ಲಿ ದುಬಾರಿಯಾಗುತ್ತದೆ. ಟ್ರಾನ್ಸಿಸ್ಟರಿನದ್ದಕ್ಕೆ "ಇಷ್ಟಕ್ಕಿಂತ ಕಡಿಮೆ ಓಮ್ಸ್ ಬೇಡ" ಎಂಬ ಒಂದೇ ಕಟ್ಟಳೆ. ಹೆಚ್ಚಾದರೆ ಪವರು ಕಡಿಮೆಯಾಗುತ್ತದೆ, ಬೇರೇನಿಲ್ಲ. ಟ್ಯೂಬಿನದ್ದರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸ್ಪೀಕರಿನ ಭಾರವನ್ನು ಹಿಗ್ಗಿಸಿ ಟ್ಯೂಬಿಗೆ ತೋರಿಸುತ್ತದೆ. 16ರ ಜ್ಯಾಕಿಗೆ 4 ಓಮ್ಸ್ ಸಿಕ್ಕಿಸಿದರೆ ಟ್ಯೂಬು ಇರಬೇಕಾದದ್ದರ ಕಾಲುಭಾಗದ ಭಾರವನ್ನು ಕಾಣುತ್ತದೆ, ಕರೆಂಟು ಏರಿ ಬೇಗ ಸವೆಯುತ್ತದೆ. ಇನ್ನೂ ಕೆಟ್ಟದ್ದು ಸ್ಪೀಕರೇ ಇಲ್ಲದೆ ನುಡಿಸುವುದು. ಶಕ್ತಿಗೆ ಹೋಗಲು ದಾರಿಯಿಲ್ಲದೆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಎದ್ದು ಒಳಗೇ ಕಿಡಿ ಹಾರಬಹುದು. ನನ್ನ ಬಳಿ ಬರುವ ಸತ್ತ ಟ್ರಾನ್ಸ್‌ಫಾರ್ಮರುಗಳಲ್ಲಿ ಹೆಚ್ಚಿನವು ಹೀಗೆ ಸತ್ತವು.

ವೈರಿಂಗ್ ಸರಿ ಮಾಡಿಕೊಳ್ಳಬಹುದಿತ್ತು, ಅರ್ಧ ಗಂಟೆಯ ಕೆಲಸ. ಆದರೆ ಸೆಲ್ಲಿನ ಪರೀಕ್ಷೆ ಬಾಕಿಯಿತ್ತು. 1.5 ವೋಲ್ಟನ್ನು ಕೇಬಲ್ಲಿನ ಎರಡು ತುದಿಗೆ ಕ್ಷಣಮಾತ್ರ ಮುಟ್ಟಿಸಿದರೆ ಸ್ಪೀಕರಿನ ಕಾಗದದ ಕೋನು 'ಟಪ್' ಎಂದು ಮುಂದಕ್ಕೋ ಹಿಂದಕ್ಕೋ ಹಾರುತ್ತದೆ. ಹುಡುಗನ ಕೈಗೇ ಸೆಲ್ಲು ಕೊಟ್ಟು, ನಾನು ಟಾರ್ಚು ಹಿಡಿದೆ. ಮೂರು ಕೋನು ಮುಂದಕ್ಕೆ ಹೋದವು. ಬದಲಿಸಿದ ನಾಲ್ಕನೆಯದು ಹಿಂದಕ್ಕೆ. ಅಂದರೆ ಪ್ಲಸ್ಸು ಮೈನಸ್ಸು ಅದಲುಬದಲು. ಮೂವರು ತಳ್ಳುವ ಗಾಡಿಯನ್ನು ನಾಲ್ಕನೆಯವನು ಹಿಂದಕ್ಕೆ ಎಳೆಯುವುದು: ತಗ್ಗು ಸ್ವರಗಳಲ್ಲಿ ನಾಲ್ಕರ ಕೆಲಸ ಎರಡರಷ್ಟಾಗಿ 6 ಡೆಸಿಬೆಲ್ ನಷ್ಟ. ಎಷ್ಟು ವರ್ಷ ಹಾಗೇ ನುಡಿಸಿದ್ದರೋ.

ಹುಡುಗ ಇನ್ನೂ ಒಂದೇ ಸಮನೆ ಟಪ್ ಟಪ್ ಮಾಡುತ್ತಿದ್ದ. ನಾನು ಕೊನೆಗೆ, "ಎತ್ತು ನೋಡೋಣ" ಅಂದೆ. ಇಂಥ 4×12 ಪೆಟ್ಟಿಗೆ ಸುಮಾರು 36 ಕೆಜಿ ತೂಗುತ್ತದೆ. ಎರಡನೇ ಮಹಡಿಯ ತಿರುವಿನವರೆಗೂ ಇಳಿಸುವ ಅಗತ್ಯ ಬೀಳಲಿಲ್ಲ. ಬಾಗಿಲ ಹೊಸ್ತಿಲಲ್ಲೇ ಅವನಿಗೆ ಓಮ್ನಿಯ ಸೀಟು, ಗಾಯಕಿಯರ ಸೂಟ್‌ಕೇಸು ಎಲ್ಲ ನೆನಪಾದವು.

ಒಂದು ಗಂಟೆಯ ಬಾಡಿಗೆ ಕೋಣೆ

ಅಷ್ಟು ದೂರ ಹೋಗಿ ಬರಿಗೈಲಿ ಬರುವುದೇಕೆಂದು ಗಂಟೆ ಲೆಕ್ಕದ ಒಂದು ಪ್ರಾಕ್ಟೀಸ್ ಕೋಣೆ ಹಿಡಿದೆವು. ಅಲ್ಲೇ ಒಂದು ಸುಸ್ಥಿತಿಯ 4×12 ಇತ್ತು, ಒಳಗೆ ಜಿ12ಟಿ-75 ಸ್ಪೀಕರುಗಳು (ಇದೂ, ಮುಂದೆ ಬರುವ ಗ್ರೀನ್‌ಬ್ಯಾಕ್, ವಿಂಟೇಜ್ 30, ಕ್ರೀಮ್‌ಬ್ಯಾಕ್ ಕೂಡ ಸೆಲೆಷನ್ ಸ್ಪೀಕರಿನ ಮಾದರಿಗಳು). ಕೋಣೆಯವರ ಹತ್ತಿರ ಗ್ರೀನ್‌ಬ್ಯಾಕ್ ಜೋಡಿಯ ಒಂದು 2×12 ಕೂಡ ಇತ್ತು. ಮೂರನೆಯದು ನನ್ನ 1×12: ಒಳಗೆ ವಿಂಟೇಜ್ 30, ಹಿಂಬದಿಯ ಹಲಗೆ ಮೂರು ತುಂಡು. ನಡುವಿನ ತುಂಡು ತೆಗೆದರೆ ತೆರೆದ ಪೆಟ್ಟಿಗೆ, ಹಾಕಿದರೆ ಮುಚ್ಚಿದ್ದು.

ಹುಡುಗ ಜೋಡಿಸಲು ತಂದಿದ್ದದ್ದು ಗಿಟಾರ್ ಕೇಬಲ್ಲು, ಗಿಟಾರನ್ನು ಆಂಪಿಗೆ ಸಿಕ್ಕಿಸುವಂಥದ್ದು. ಎರಡು ತುದಿಯ ಪಿನ್ನೂ ಒಂದೇ ಥರ ಕಾಣುವುದರಿಂದ ಎಲ್ಲರೂ ಮಾಡುವ ತಪ್ಪು. ಗಿಟಾರ್ ಕೇಬಲ್ಲಿನೊಳಗೆ ಕೂದಲೆಳೆಯಂಥ ಒಂದು ತಂತಿ, ಅದರ ಸುತ್ತ ಗದ್ದಲ ತಡೆಯುವ ಜಾಲರಿ. ಸ್ಪೀಕರಿನ ಕರೆಂಟು ಹರಿಸಲು ಅದು ಹುಟ್ಟಿಲ್ಲ. ನಾನು ತಂದಿದ್ದ ಎರಡು ದಪ್ಪ ಎಳೆಯ ಸ್ಪೀಕರ್ ಕೇಬಲ್ ಹಾಕಿದೆವು. ಪ್ರತಿ ಸಲ ಪೆಟ್ಟಿಗೆ ಬದಲಿಸುವಾಗ ಹೆಡ್ ಪೂರ್ತಿ ಆಫ್, ಓಮ್ಸ್ ನೋಡಿ ಜ್ಯಾಕು.

ಹೋಲಿಕೆಗೆ ನಾನು ಹಾಕಿದ ಕಟ್ಟು: ಹೆಡ್ಡಿನ ಗುಂಡಿಗಳನ್ನು ಮುಟ್ಟುವ ಹಾಗಿಲ್ಲ, ನುಡಿಸುವುದು ಅದೇ ಮೂರು ತುಣುಕು. ಆರನೇ ತಂತಿಯನ್ನು ಅಂಗೈಯಲ್ಲಿ ಅದುಮಿ ಹೊಡೆಯುವ ಒಂದು ರಿಫ್ (ಮರುಕಳಿಸುವ ಸಣ್ಣ ಸ್ವರಗುಚ್ಛ), ಹಲವು ತಂತಿ ಒಟ್ಟಿಗೆ ಮೀಟುವ ತೆರೆದ ಎ ಕಾರ್ಡು, ಎರಡನೇ ತಂತಿಯನ್ನು ಹದಿನೈದನೇ ಫ್ರೆಟ್ಟಿನಲ್ಲಿ ಎಳೆದು ಹಿಡಿಯುವ ಒಂದು ಸ್ವರ. ಶಬ್ದದ ಮಟ್ಟವನ್ನು ಮೊಬೈಲ್ ಆ್ಯಪ್‌ನಲ್ಲಿ ನೋಡಿ ಮಾಸ್ಟರ್ ವಾಲ್ಯೂಮು ಮಾತ್ರ ಹೆಚ್ಚುಕಮ್ಮಿ. ಇದನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ. ಜೋರಾಗಿ ಕೇಳಿದ್ದು ಚೆನ್ನಾಗಿದೆ ಅಂತಲೇ ಕಿವಿಗೆ ಅನ್ನಿಸುತ್ತದೆ, ಅಂಗಡಿಯವರಿಗೂ ಅದು ಗೊತ್ತು.

ಮೊದಲು ತೆರೆದ 1×12. ಕೋಣೆಯೆಲ್ಲ ತುಂಬಿಕೊಂಡಂತೆ ಕೇಳಿತು. ಹಿಂಬದಿಯಿಂದ ಹೊರಟ ಶಬ್ದ ಗೋಡೆಗೆ ಬಡಿದು ಬರುತ್ತದಲ್ಲ, ಹಾಗೆ. ಆದರೆ ಅದುಮಿ ಹೊಡೆದ ರಿಫ್ಫಿಗೆ ಗುದ್ದು ಇರಲಿಲ್ಲ. ಕೋನು ಮುಂದೆ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತದೆ, ತಗ್ಗು ಸ್ವರದ ಉದ್ದನೆಯ ಅಲೆಗಳು ಪೆಟ್ಟಿಗೆಯನ್ನು ಬಳಸಿ ಬಂದು ಒಂದನ್ನೊಂದು ಕೊಲ್ಲುತ್ತವೆ. 100 ಹರ್ಟ್ಸ್ ಅಲೆಯ ಉದ್ದ ಸುಮಾರು 3.4 ಮೀಟರು; ಅರ್ಧ ಮೀಟರಿನ ಪೆಟ್ಟಿಗೆ ಅದಕ್ಕೆ ಯಾವ ಅಡ್ಡಿ? ನಡುವಿನ ಹಲಗೆ ಹಾಕಿ ಅದನ್ನೇ ನುಡಿಸಿದ. ಸ್ಪೀಕರು ಅದೇ, ಎಂಟು ಸ್ಕ್ರೂ ಅಷ್ಟೇ ವ್ಯತ್ಯಾಸ. ರಿಫ್ಫು ಎದೆಗೆ ತಾಗಿತು. ಹುಡುಗ ತಿರುಗಿ ನನ್ನ ಮುಖ ನೋಡಿದ.

ಆಮೇಲೆ 2×12, ಕೊನೆಗೆ 4×12. ನಾಲ್ಕರ ಮುಂದೆ ನಿಂತಾಗ ಅವನ ಮುಖ ಅರಳಿದ್ದು ಸುಳ್ಳಲ್ಲ. ಪ್ಯಾಂಟು ಅಲುಗುತ್ತದೆ, ಮೇಲಿನ ಸಾಲಿನ ಸ್ಪೀಕರು ಕಿವಿಗೆ ಹತ್ತಿರವಿರುತ್ತದೆ. ಆಗ ಹಳೆಯ ಪ್ರಶ್ನೆಯನ್ನು ಎತ್ತಿಕೊಂಡೆ.

ಕೋಣೆಯ ಎಸ್ಎಂ57 ಮೈಕನ್ನು ಒಂದು ಸ್ಪೀಕರಿನ ಜಾಲರಿಗೆ ಎರಡು ಬೆರಳು ದೂರದಲ್ಲಿ, ನಡುವಿನ ಗುಬ್ಬಟೆಯ ಅಂಚಿಗೆ ನೇರ ಇಟ್ಟೆ. ಪ್ರತಿ ಪೆಟ್ಟಿಗೆಗೂ ಅದೇ ಜಾಗ. ಮೂರನ್ನೂ ರೆಕಾರ್ಡ್ ಮಾಡಿ, ಹೊರಗೆ ಕಾರಿಡಾರಿನಲ್ಲಿ ಹೆಡ್‌ಫೋನು ಹಾಕಿ ಕೇಳಿಸಿದೆ. ಯಾವುದು ಯಾವುದೆಂದು ಹೇಳಲಿಲ್ಲ. ಸ್ಪೀಕರಿನ ಬಣ್ಣ ಅವನಿಗೆ ತಕ್ಷಣ ಗೊತ್ತಾಯಿತು: ಇದು ಚೂಪು, ಇದು ಮೆದು, ಇದು ನಡುವೆ ಟೊಳ್ಳು. ಆದರೆ ನಾಲ್ಕು ಸ್ಪೀಕರಿನದ್ದು ಯಾವುದೆಂದು ಕೇಳಿದಾಗ ಬೆರಳು ತೋರಿಸಿದ್ದು ನನ್ನ ಒಂಟಿ 1×12 ಪೆಟ್ಟಿಗೆಗೆ.

"ಮೈಕು ಒಂದೇ ಸ್ಪೀಕರ್ ಮುಂದೆ ಇದೆಯಲ್ಲಪ್ಪ. ಮಿಕ್ಕ ಮೂರು ಇದ್ರೂ ಅದಕ್ಕೆ ಗೊತ್ತಾಗಲ್ಲ. ಪೆಂಡಾಲಿನ ಜನ ಕೇಳೋದು ಮೈಕನ್ನ" ಅಂದೆ.

ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಇಡೀ ಪ್ರಕರಣ ತಿರುಗಿದ್ದು ಆ ಕಾರಿಡಾರಿನಲ್ಲಿ. ಸ್ಪೀಕರು ಯಾವುದು ಎಂಬುದು ಜನಕ್ಕಾಗಿ ಆರಿಸಬೇಕಾದ್ದು. ಎಷ್ಟು, ಎಷ್ಟು ಎತ್ತರದಲ್ಲಿ ಎಂಬುದು ನುಡಿಸುವವನಿಗಾಗಿ.

ಲೆಕ್ಕ

ವಾಪಸು ಬರುವಾಗ ಮದ್ದೂರಿನಲ್ಲಿ ವಡೆ ತಿನ್ನುತ್ತ ಕಾಗದದ ಮೇಲೆ ಲೆಕ್ಕ ಹಾಕಿದೆವು. ಅವನ ಮೊದಲ ಅಂಜಿಕೆ 20 ವ್ಯಾಟ್ ಸಾಲದು ಎಂಬುದು. ಸ್ಪೀಕರಿನ ಸೆನ್ಸಿಟಿವಿಟಿ ಎಂದರೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಶಬ್ದ. ವಿಂಟೇಜ್ 30 ಸ್ಪೀಕರಿನದ್ದು 100 ಡೆಸಿಬೆಲ್, ಗ್ರೀನ್‌ಬ್ಯಾಕಿನದ್ದು 98, ಕ್ರೀಮ್‌ಬ್ಯಾಕ್ ಜಿ12ಎಂ-65ರದ್ದು 97. ಇದಕ್ಕೆ 20 ವ್ಯಾಟಿನ 13 ಡೆಸಿಬೆಲ್ ಕೂಡಿಸಿದರೆ ಕ್ರೀಮ್‌ಬ್ಯಾಕ್ ಒಂದರಲ್ಲೇ 110. ಡ್ರಮ್ಸಿನವನ ಜತೆ ಜಗಳಕ್ಕೆ ಅಷ್ಟು ಸಾಕು. 100 ವ್ಯಾಟಿನ ಹೆಡ್ ತಂದಿದ್ದರೆ ಹೆಚ್ಚಾಗುತ್ತಿದ್ದದ್ದು 7 ಡೆಸಿಬೆಲ್, ಅದು ಕಿವಿಗೆ ದುಪ್ಪಟ್ಟು ಎನ್ನಿಸುವಷ್ಟೂ ಅಲ್ಲ. ದುಪ್ಪಟ್ಟು ಅನ್ನಿಸಲು ಸುಮಾರು 10 ಬೇಕು. ಸ್ಪೀಕರಿನ 3 ಡೆಸಿಬೆಲ್ ವ್ಯತ್ಯಾಸವೇ ವ್ಯಾಟನ್ನು ಎರಡರಷ್ಟು ಮಾಡಿದ್ದಕ್ಕೆ ಸಮ ಎಂದಾಗ ಅವನಿಗೆ ತಾನು ಕೊಂಡ ಹೆಡ್ಡಿನ ಮೇಲೆ ಮತ್ತೆ ಪ್ರೀತಿ ಬಂತು.

ಎರಡನೆಯದು ತಡೆಯುವ ಶಕ್ತಿ. 20 ವ್ಯಾಟಿಗೆ 25 ವ್ಯಾಟಿನ ಒಂದು ಗ್ರೀನ್‌ಬ್ಯಾಕ್ ಸಾಕಲ್ಲ ಎಂದ. ಸಾಲದು. 20 ಎಂಬುದು ಸ್ವರ ಒಡೆಯುವ ಮೊದಲಿನ ಅಳತೆ. ಪೂರ್ತಿ ಏರಿಸಿ ಒಡೆದ ಶಬ್ದದಲ್ಲಿ ಅದೇ ಹೆಡ್ 30 ದಾಟಿಬಿಡುತ್ತದೆ. ಒಂದೇ ಹಾಕುವುದಾದರೆ 60–65 ವ್ಯಾಟಿನದ್ದು ಬೇಕು.

ಬಣ್ಣದ ವಿಚಾರದಲ್ಲಿ ನಾನು ಪಕ್ಷ ವಹಿಸಿದೆ, ಮುಚ್ಚಿಡುವುದಿಲ್ಲ. ಇಪ್ಸ್‌ವಿಚ್‌ನ ಸೆಲೆಷನ್ ಕಂಪನಿ ವಿಂಟೇಜ್ 30 ಸ್ಪೀಕರನ್ನು 1986ರಲ್ಲಿ ತಂದಿತು. 2,000–3,000 ಹರ್ಟ್ಸ್ ಆಸುಪಾಸಿನಲ್ಲಿ ಅದಕ್ಕೊಂದು ಏರು ಇದೆ. ಎರಡು ಗಿಟಾರಿನ ಗದ್ದಲದಲ್ಲಿ ಆ ಏರು ವರ. ಆದರೆ ಆರ್ಕೆಸ್ಟ್ರಾದಲ್ಲಿ ರಾಜ ಗಾಯಕ, ಮತ್ತು ಹಾಡಿನ ಸಾಹಿತ್ಯ ಸ್ಪಷ್ಟವಾಗಿ ಕೇಳಲು ಬೇಕಾದ ಜಾಗವೂ ಅದೇ. ಗಿಟಾರ್ ಅಲ್ಲಿ ಚುಚ್ಚಿದರೆ ಮೈಕ್‌ಸೆಟ್‌ನವರು ಮಾಡುವುದು ಒಂದೇ ಕೆಲಸ, ಗಿಟಾರಿನ ಫೇಡರ್ ಇಳಿಸುವುದು. ನನ್ನ ಮತ ಕ್ರೀಮ್‌ಬ್ಯಾಕಿಗೆ ಹೋಯಿತು. ಗ್ರೀನ್‌ಬ್ಯಾಕಿನ ಮೆದು ಗುಣ, ತಡೆಯುವ ಶಕ್ತಿ ಮಾತ್ರ 65 ವ್ಯಾಟ್. ಒಂದು ವಿಂಟೇಜ್ 30, ಒಂದು ಕ್ರೀಮ್‌ಬ್ಯಾಕ್ ಬೆರೆಸಿದರೆ ಹೇಗೆ ಎಂದೂ ಕೇಳಿದ. ಬೆರೆಸುವವರಿದ್ದಾರೆ. ಆದರೆ 3 ಡೆಸಿಬೆಲ್ ಮುಂದಿರುವ ಸ್ಪೀಕರೇ ಮೆರೆಯುತ್ತದೆ, ಮೈಕು ಯಾವುದಕ್ಕೆ ಹಿಡಿಯಬೇಕೆಂದು ದಿನಾ ಹೊಸ ಮೈಕ್‌ಸೆಟ್‌ನವರಿಗೆ ಪಾಠ ಹೇಳಬೇಕು.

ಕೊನೆಗೆ ತೀರ್ಮಾನವಾದದ್ದು: ಮುಚ್ಚಿದ 2×12, ಸ್ಪೀಕರುಗಳು ಒಂದರ ಮೇಲೊಂದು. ಇದಕ್ಕೆ ಕಾರಣ ಅವನು ನಿಲ್ಲುವ ಜಾಗ. 12 ಇಂಚಿನ ಸ್ಪೀಕರು ತಗ್ಗು ಸ್ವರವನ್ನು ಎಲ್ಲ ಕಡೆ ಚೆಲ್ಲುತ್ತದೆ, ಏರು ಸ್ವರವನ್ನು ಟಾರ್ಚಿನ ಬೆಳಕಿನಂತೆ ನೇರ ಬಿಡುತ್ತದೆ. 4,000 ಹರ್ಟ್ಸ್ ಅಲೆ ಬರೀ 8.6 ಸೆಂಟಿಮೀಟರು, 30 ಸೆಂಟಿಮೀಟರಿನ ಕೋನು ಅದಕ್ಕೆ ಕೊಳವೆಯಿದ್ದಂತೆ. ನೆಲದ ಮೇಲಿನ ಪೆಟ್ಟಿಗೆಗೆ ಒಂದೂವರೆ ಮೀಟರ್ ಮುಂದೆ ನಿಂತವನಿಗೆ ಚೂಪೆಲ್ಲ ಮಂಡಿಗೆ ಬಡಿಯುತ್ತದೆ. ಅವನಿಗೆ ಮಂಕಾಗಿ ಕೇಳುತ್ತದೆ, ಟ್ರೆಬಲ್ ಏರಿಸುತ್ತಾನೆ. ಮೊದಲ ಸಾಲಿನಲ್ಲಿ ಕೂತ ಅಜ್ಜಿ ಕಿವಿಗೆ ಸೆರಗು ಮುಚ್ಚುತ್ತಾರೆ. ಎರಡನೇ ಸ್ಪೀಕರು ಮೇಲಿದ್ದರೆ, ಕೆಳಗೊಂದು ಮರದ ಗುಟ್ಟ ಕೊಟ್ಟು ಪೆಟ್ಟಿಗೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ, ತನ್ನ ಟ್ರೆಬಲ್ ತನಗೇ ಕೇಳುತ್ತದೆ. ಪಕ್ಕಪಕ್ಕ ಇಟ್ಟರೆ ಅಡ್ಡಡ್ಡಲಾಗಿ ಹರಡುವುದು ಇನ್ನಷ್ಟು ಕಿರಿದಾಗುತ್ತದೆ. ಕೀಬೋರ್ಡಿನವನಿಗೆ ಏನೂ ಕೇಳುವುದಿಲ್ಲ.

ಆಚಾರ್ರ ಅಂಗಳ

ಹೊರದೇಶದ ಖಾಲಿ ಪೆಟ್ಟಿಗೆಗೆ ಸಾಗಣೆ, ಸುಂಕ ಸೇರಿದರೆ ಸ್ಪೀಕರಿಗಿಂತ ಹೆಚ್ಚು. ನಮ್ಮ ಬೀದಿಯ ಆಚಾರ್ರ ಹತ್ತಿರ ಹೋದೆವು. ಬಾಗಿಲು, ದೇವರ ಮಂಟಪ ಮಾಡುವವರು. ನಕ್ಷೆ ನೋಡಿ, "ಇದೇನ್ ಸ್ವಾಮಿ, ಕೋಳಿಗೂಡಾ?" ಎಂದರು.

ಅಳತೆ ಹೀಗಿತ್ತು: ಎತ್ತರ 76 ಸೆಂಟಿಮೀಟರ್, ಅಗಲ ಹೆಡ್ ಕೂರುವಷ್ಟು 50, ಆಳ 30. ಸುತ್ತಲಿನ ನಾಲ್ಕು ಬದಿ ಮತ್ತು ಸ್ಪೀಕರ್ ಕೂರುವ ಹಲಗೆ 18 ಎಂಎಂ, ನೀರು ತಡೆಯುವ ದರ್ಜೆಯ ಪ್ಲೈವುಡ್. ಗಣಪತಿ ಹಬ್ಬಕ್ಕೂ ಮಳೆಗೂ ಇರುವ ನಂಟು ಗೊತ್ತಲ್ಲ. ಹಿಂಬದಿ 12 ಎಂಎಂ. ಸ್ಪೀಕರಿನ ತೂತು 283 ಎಂಎಂ ವ್ಯಾಸ, ಬೋಲ್ಟಿನ ವೃತ್ತ 297. ಆಚಾರ್ರು ಮೊಳೆಯ ಮೇಲೆ ದಾರ ಕಟ್ಟಿ ಪೆನ್ಸಿಲಿನಿಂದ ವೃತ್ತ ಎಳೆದರು. ಕತ್ತರಿಸಿದ ಮೇಲೆ ಅಳೆದರೆ ಎಲ್ಲೂ ಒಂದು ಎಂಎಂ ವ್ಯತ್ಯಾಸವಿರಲಿಲ್ಲ.

ಮೂಲೆಗಳನ್ನು ಹಲ್ಲು ಹಲ್ಲಾಗಿ ಕೊರೆದು ಅಂಟು ಹಚ್ಚಿ ಕೂಡಿಸುತ್ತ ಅವರು ಕೇಳಿದ ಒಂದು ಪ್ರಶ್ನೆ ಇನ್ನೂ ನೆನಪಿದೆ. "ವೀಣೆಗೆ ಮರ ನಡುಗಬೇಕು ಅಂತೀರಿ. ಇದಕ್ಕೆ ನಡುಗಬಾರದು ಅಂತ ಇಷ್ಟು ದಪ್ಪ ಹಾಕಿಸ್ತೀರಿ. ಯಾಕೆ?" ವೀಣೆಯಲ್ಲಿ ಮರವೇ ಹಾಡುತ್ತದೆ. ಇಲ್ಲಿ ಹಾಡುವುದು ಕಾಗದದ ಕೋನು, ಪೆಟ್ಟಿಗೆ ಅದಕ್ಕೆ ಗೋಡೆ; ಗೋಡೆ ನಡುಗಿದರೆ ಕೋನಿನ ಗುದ್ದು ಅಲ್ಲೇ ಸೋರಿಹೋಗುತ್ತದೆ. ಆದರೆ ಇದು ಒಂದು ಪಂಥ ಮಾತ್ರ. ಮಾರ್ಷಲ್‌ನವರದ್ದು ದಪ್ಪ ಬರ್ಚ್ ಪ್ಲೈವುಡ್ಡಿನ ದಾರಿ. ಅಮೆರಿಕದ ಫೆಂಡರ್‌ನವರು 1950ರ ದಶಕದಲ್ಲಿ ಹಗುರವಾದ ಪೈನ್ ಹಲಗೆಯಲ್ಲಿ ಹಿಂಬದಿ ತೆರೆದ ಪೆಟ್ಟಿಗೆ ಮಾಡುತ್ತಿದ್ದರು, ಆ ಮರ ಸ್ವಲ್ಪ ಹಾಡಿಗೆ ದನಿಗೂಡಿಸುತ್ತದೆ. ಇದನ್ನು ಹೇಳಿದಾಗ ಆಚಾರ್ರು, "ಹಾಗಾದ್ರೆ ಅವರೇ ಸರಿ" ಎಂದು ತೀರ್ಪು ಕೊಟ್ಟು ಉಳಿ ಎತ್ತಿಕೊಂಡರು.

ದುಡ್ಡು ಮುಗಿದದ್ದು ಇಲ್ಲಿ. ಒಂದು ಸ್ಪೀಕರಿಗಷ್ಟೇ ಉಳಿಯಿತು. ಆದ್ದರಿಂದ 16 ಓಮ್ಸಿನದ್ದನ್ನೇ ತರಿಸಿದೆವು. ಒಂದಿದ್ದಾಗ ಹೆಡ್ಡಿನ 16ರ ಜ್ಯಾಕು. ಮುಂದೆ ಅಂಥದ್ದೇ ಇನ್ನೊಂದು ಸೇರಿ ಪ್ಯಾರಲೆಲ್ ಆದರೆ 8ರ ಜ್ಯಾಕು. 8 ಓಮ್ಸಿನ ಎರಡನ್ನು ಸೀರೀಸಿನಲ್ಲಿ ಕಟ್ಟಿಯೂ 16 ಮಾಡಬಹುದು. ಆದರೆ ಸೀರೀಸಿನಲ್ಲಿ ಒಂದು ಸ್ಪೀಕರಿನ ತಂತಿ ಕಿತ್ತರೆ ಎರಡೂ ಸತ್ತು ಟ್ಯೂಬ್ ಹೆಡ್ ಭಾರವಿಲ್ಲದೆ ನಿಲ್ಲುತ್ತದೆ. ಪ್ಯಾರಲೆಲ್‌ನಲ್ಲಿ ಇನ್ನೊಂದಾದರೂ ಉಳಿಯುತ್ತದೆ. ಓಮ್ನಿಯಲ್ಲಿ ಹಳ್ಳಿ ರಸ್ತೆ ಸುತ್ತುವ ಪೆಟ್ಟಿಗೆಗೆ ಇದು ಸಣ್ಣ ಮಾತಲ್ಲ. ಮೇಲಿನ ತೂತಿಗೆ ಸ್ಪೀಕರು, ಕೆಳಗಿನದಕ್ಕೆ ಆಚಾರ್ರು ಕೊರೆದ ವೃತ್ತಕ್ಕಿಂತ ದೊಡ್ಡದಾದ ಒಂದು ಪ್ಲೈವುಡ್ ಮುಚ್ಚಳ, ನಾಲ್ಕು ಸ್ಕ್ರೂ.

ಆ ನಾಲ್ಕು ಸ್ಕ್ರೂ ನನ್ನ ತಪ್ಪು.

ಮೊದಲ ಕಾರ್ಯಕ್ರಮ ಮಂಡ್ಯದ ಕಡೆಯ ಒಂದು ಹಳ್ಳಿಯ ಪೆಂಡಾಲು. ನಾನೂ ಹೋಗಿದ್ದೆ. ಸಂಜೆ ಸೌಂಡ್ ಚೆಕ್ಕಿನಲ್ಲಿ ಎಲ್ಲ ಸ್ವರವೂ ಚೆನ್ನ, ಐದನೇ ತಂತಿ ತೆರೆದು ಮೀಟಿದರೆ ಮಾತ್ರ ಹಿಂದೆಯೇ 'ಗುಂಯ್' ಎಂಬ ಸದ್ದು. 110 ಹರ್ಟ್ಸ್. ಮೊದಲು ಜನರೇಟರನ್ನು ಬೈದೆವು. ವೋಲ್ಟೇಜು 200ರ ಕೆಳಗೆ ಇಣುಕುತ್ತಿತ್ತಾದರೂ ಅದು ಒಂದೇ ಸ್ವರವನ್ನು ಆರಿಸಿ ಕಾಡುವುದಿಲ್ಲ. ಸ್ಪೀಕರನ್ನು ಶಂಕಿಸಿದೆವು. ಆಮೇಲೆ ಅವನು ಅದೇ ತಂತಿ ಮೀಟುತ್ತಿರಲು ನಾನು ಪೆಟ್ಟಿಗೆಯ ಒಂದೊಂದು ಭಾಗವನ್ನೂ ಅಂಗೈಯಲ್ಲಿ ಒತ್ತುತ್ತ ಬಂದೆ. ಹಿಡಿಕೆ, ಹಿಂಬದಿ, ಜ್ಯಾಕಿನ ತಗಡು. ಕೆಳಗಿನ ಮುಚ್ಚಳ ಒತ್ತಿದೊಡನೆ ಗುಂಯ್ ನಿಂತಿತು. ಸ್ಕ್ರೂಗಳ ನಡುವೆ ಕೂದಲೆಳೆಯ ಸಂದು. ಒಳಗಿನ ಗಾಳಿ ಒತ್ತಿದಾಗೆಲ್ಲ ಮುಚ್ಚಳ ಹಲಗೆಗೆ ಬಡಿಯುತ್ತಿತ್ತು. ಆ ರಾತ್ರಿಗೆ ಮಡಚಿದ ಕರಪತ್ರ ತುರುಕಿ ಸುಧಾರಿಸಿದೆವು. ಮರುದಿನ ಬಾಗಿಲ ಸಂದಿಗೆ ಅಂಟಿಸುವ ಫೋಮ್ ಟೇಪು, ಎಂಟು ಸ್ಕ್ರೂ.

ಕಾರ್ಯಕ್ರಮ ಮುಗಿದ ಮೇಲೆ ಮೈಕ್‌ಸೆಟ್‌ನ ಹಿರಿಯರು ಕೇಬಲ್ ಸುತ್ತುತ್ತ ಬಂದು, "ಗಿಟಾರ್ ಚಾನಲ್ ಮುಟ್ಟಲೇ ಇಲ್ಲ ಕಣಯ್ಯ ಇವತ್ತು" ಎಂದರು. ಹುಡುಗನಿಗೆ ಅದು ಹೊಗಳಿಕೆಯೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಸೀಸನ್ನಿನ ದುಡ್ಡಿನಲ್ಲಿ ಡಿಸೆಂಬರಿಗೆ ಎರಡನೇ ಸ್ಪೀಕರು ಬಂತು. ಸೆಲ್ಲು ಮುಟ್ಟಿಸಿ ಎರಡೂ ಕೋನು ಮುಂದಕ್ಕೆ ಹಾರುವುದನ್ನು ಅವನೇ ನೋಡಿಕೊಂಡ, ಮೀಟರು 6.2 ತೋರಿಸಿತು. ಹೊಸದರ ಕೋನಿನ ಅಂಚು ಇನ್ನೂ ಬಿಗಿ, ಮೊದಲ ವಾರಗಳಲ್ಲಿ ಹಳೆಯದಕ್ಕಿಂತ ಒರಟಾಗಿ ಕೇಳಿತು, ಆಮೇಲೆ ಹೊಂದಿಕೊಂಡಿತು. ಮೊದಲ ಪ್ರಾಕ್ಟೀಸಿಗೆ ಜ್ಯಾಕು ಬದಲಿಸಲು ಮರೆತು 16ರಲ್ಲೇ ಎರಡು ಗಂಟೆ ನುಡಿಸಿದನಂತೆ. ಎರಡರ ಅಂತರವಾದ್ದರಿಂದ ಏನೂ ಆಗಲಿಲ್ಲ, ಆದರೂ ಬೈಸಿಕೊಂಡ. ಈಗ ಹೆಡ್ಡಿನ ಬೆನ್ನಿಗೂ ಪೆಟ್ಟಿಗೆಯ ಬೆನ್ನಿಗೂ ಬಿಳಿ ಟೇಪು ಅಂಟಿಸಿ, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ '8' ಎಂದು ಬರೆದಿದ್ದಾನೆ.

ಬೆಂಗಳೂರಿನ ಆ 4×12 ಮೊನ್ನೆ ಮತ್ತೆ ಮಾರಾಟಕ್ಕೆ ಬಂದಿದೆ ಎಂದು ಹುಡುಗ ಫೋಟೋ ಕಳಿಸಿದ್ದ. ಬೆಲೆ ಸ್ವಲ್ಪ ಇಳಿದಿದೆ. ಕೆಳಗೆ ಬರೆದಿರುವುದು 16 ಓಮ್ಸ್ ಅಂತಲೇ.